ದಾಳದ ದೇವರೂ ಗಾಣಧಾಳದ ದೇವರೂ

1980ರಲ್ಲಿ ಅಮೆರಿಕದಲ್ಲಿ ಅಚ್ಚಾದ ಒಂದು ಪುಸ್ತಕದಲ್ಲಿ ನಮ್ಮ ಇಂದ್ರನಿಗೆ ಅಂಕ ಕೊಟ್ಟಿದ್ದಾರೆ. ಪರೀಕ್ಷೆಯ ಅಂಕವಲ್ಲ, ಪ್ರಾಣದ ಅಂಕ. ಎಷ್ಟು ಪೆಟ್ಟು ತಿಂದರೆ ಇಂದ್ರ ಬೀಳುತ್ತಾನೆ, ಅವನ ಕವಚ ಎಷ್ಟು ಗಟ್ಟಿ, ಒಂದು ಸುತ್ತಿನಲ್ಲಿ ಎಷ್ಟು ಸಲ ಹೊಡೆಯಬಲ್ಲ ಅನ್ನುವ ಲೆಕ್ಕವೆಲ್ಲ ಅದರಲ್ಲಿದೆ. ಅಗ್ನಿ, ವರುಣ, ಯಮ, ಸೂರ್ಯ, ಕಾಳಿ, ಕಡೆಗೆ ವಿಷ್ಣುವನ್ನೂ ಬಿಟ್ಟಿಲ್ಲ. ಗ್ರೀಕರ ಜ್ಯೂಸ್‌ಗೆ 400 ಅಂಕ. ಪುಸ್ತಕದ ಹೆಸರು ‘ಡೀಟೀಸ್ ಅಂಡ್ ಡೆಮಿಗಾಡ್ಸ್’. ಬರೆದವರು ಜೇಮ್ಸ್ ವಾರ್ಡ್ ಮತ್ತು ರಾಬರ್ಟ್ ಕುಂಟ್ಜ್. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಆಡುವವರಿಗೆ ದೇವರುಗಳ ಕೈಪಿಡಿ ಅದು. ಈ ಆಟ ಸೈತಾನನ ಕೆಲಸ ಎಂದು ಅಲ್ಲಿನ ಧರ್ಮಭೀರುಗಳು ಗುಲ್ಲೆಬ್ಬಿಸಿದ್ದ ಕಾಲದಲ್ಲೇ, 1985ರಲ್ಲಿ, ಪುಸ್ತಕದ ಹೆಸರು ‘ಲೆಜೆಂಡ್ಸ್ ಅಂಡ್ ಲೋರ್’ ಎಂದಾಯಿತು. ಹೆಸರು ಬದಲಾದ ಮೇಲೂ ಅಂಕ ಕೊಡುವ ಚಟ ಮಾತ್ರ ಹೋಗಲಿಲ್ಲ.

ಇದನ್ನೆಲ್ಲ ನನಗೆ ಹೇಳಿದವನು ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನಮ್ಮಣ್ಣನ ಮಗ. ಶನಿವಾರ ರಾತ್ರಿ ಗೆಳೆಯ ಗೆಳತಿಯರನ್ನು ಕೂಡಿಸಿಕೊಂಡು ಅವನು ಈ ಆಟ ನಡೆಸುತ್ತಾನೆ. ನಡೆಸುವವನು ಒಂದು ಲೋಕ ಕಟ್ಟಿ ಕತೆ ಎತ್ತಿಕೊಳ್ಳಬೇಕು, ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆ ಲೋಕದಲ್ಲಿ ಓಡಾಡಬೇಕು, ಸಂದಿಗ್ಧ ಬಂದಾಗ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ಪೇಟೆಗೆ ಬಿಟ್ಟ ಆಟ ಇದು. ರಾತ್ರಿಯಿಡೀ ದೊಡ್ಡಾಟ ನೋಡಿದ ನಮ್ಮ ಕಡೆಯ ಮಂದಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ನೋಡುವವರಿಲ್ಲ, ಎಲ್ಲರೂ ವೇಷದವರೇ ಅನ್ನುವುದಷ್ಟೇ ವ್ಯತ್ಯಾಸ.

ಅವನು ಕಟ್ಟುತ್ತಿರುವ ಲೋಕದ ನಕಾಶೆ ನೋಡಿದೆ. ಎರಡು ಹೊಳೆ, ನಡುವೆ ಕರಿನೆಲ, ಗುಡ್ಡದ ಮೇಲೊಂದು ಕೋಟೆ, ಆ ನೆಲಕ್ಕಾಗಿ ತಲೆಮಾರುಗಳಿಂದ ಬಡಿದಾಡುವ ಎರಡು ರಾಜ್ಯ. ಹೆಸರುಗಳೆಲ್ಲ ವಿಚಿತ್ರವಾಗಿದ್ದರೂ ಅದು ರಾಯಚೂರು ದೋಆಬ್ ಎಂದು ಕುರುಡನೂ ಹೇಳುತ್ತಿದ್ದ. ಮಸಾರಿ ನೆಲ, ಎರಿ ನೆಲ ಎಲ್ಲ ಸರಿಯಾಗಿಯೇ ಗುರುತಿಸಿದ್ದ. “ಕಾಕಾ, ದೇವರ ಲಿಸ್ಟ್ ಒಂದ್ ಬೇಕಾಗೇತಿ. ಯಾವ ದೇವ್ರಿಗೆ ಯಾವ ಡಿಪಾರ್ಟ್‌ಮೆಂಟ್ ಅಂತ ಬರದು ಕೊಟ್ರ ಸಾಕು” ಅಂದ. ನಾನು ಬರೆದು ಕೊಡಲಿಲ್ಲ. ಬದಲಿಗೆ ಅವನ ಆಟದ ದೇವರುಗಳು ಹೇಗೆ ಕೆಲಸ ಮಾಡುತ್ತಾರೆ ಎಂದು ಮೊದಲು ಅವನಿಂದಲೇ ಕೇಳಿಸಿಕೊಂಡೆ.

ಆ ಲೋಕಗಳಲ್ಲಿ ದೇವರು ಇದ್ದಾನೋ ಇಲ್ಲವೋ ಎಂಬ ಜಗಳವೇ ಇಲ್ಲ. ದೇವರ ಗಣವೊಂದಿರುತ್ತದೆ. ಯುದ್ಧಕ್ಕೊಬ್ಬ, ಕಡಲಿಗೊಬ್ಬ, ಸಾವಿಗೊಬ್ಬ, ಕಳ್ಳರಿಗೊಬ್ಬ ಎಂದು ಖಾತೆ ಹಂಚಿಕೆ ಆಗಿರುತ್ತದೆ. ಪೂಜಾರಿ ಪಾತ್ರದವನು ಒಬ್ಬ ದೇವರನ್ನು ಆರಿಸಿಕೊಂಡು ಬೆಳಿಗ್ಗೆ ಎದ್ದು ಪ್ರಾರ್ಥಿಸಿದರೆ ಆ ದಿನಕ್ಕೆ ಇಷ್ಟು ಮಂತ್ರ ಸಿಗುತ್ತವೆ: ಗಾಯ ಮಾಯಿಸಲು ಒಂದು, ದೆವ್ವ ಓಡಿಸಲು ಒಂದು. ಖರ್ಚಾದರೆ ಮರುದಿನದವರೆಗೆ ಕಾಯಬೇಕು. ಒಳ್ಳೆಯವ, ಕೆಟ್ಟವ, ನಡುವಿನವ ಎಂದು ಪ್ರತಿಯೊಬ್ಬನ ಸ್ವಭಾವವನ್ನೂ ಕಾಗದದ ಮೇಲೆ ಬರೆದಿಟ್ಟಿರುತ್ತಾರೆ. ಎಡ್ ಗ್ರೀನ್‌ವುಡ್ ಕಟ್ಟಿದ, 1987ರಲ್ಲಿ ಈ ಆಟಕ್ಕೆ ಸೇರಿದ ‘ಫರ್ಗಾಟನ್ ರೆಲ್ಮ್ಸ್’ ಎಂಬ ಲೋಕದಲ್ಲಿ ಇನ್ನೊಂದು ಕಟ್ಟಳೆ ಇದೆ. ಅಲ್ಲಿ ದೇವರುಗಳ ಮೇಲೊಬ್ಬ ದೇವರಿದ್ದಾನೆ. ಹೆಸರು ಏಯೋ. ದೇವರುಗಳ ಪುಂಡಾಟ ಹೆಚ್ಚಾಯಿತೆಂದು ಅವನು ಒಮ್ಮೆ ಅವರನ್ನೆಲ್ಲ ಭೂಮಿಗೆ ತಳ್ಳಿದ. ಆಮೇಲೆ, ಭಕ್ತರು ಎಷ್ಟೋ ಬಲ ಅಷ್ಟು ಎಂದು ಕಾನೂನು ಮಾಡಿದ. ಭಕ್ತರು ಕಡಿಮೆಯಾದರೆ ದೇವರು ಬಡವಾಗುತ್ತಾನೆ. ಈ ಕೊನೆಯ ಮಾತು ಕೇಳಿ ನನಗೆ ಸ್ವಲ್ಪ ಗೌರವ ಬಂತು. ನಮ್ಮ ಸೀಮೆಯಲ್ಲಿ ಹಾಳುಬಿದ್ದ ಗುಡಿಗಳ ಮುಂದೆ ನಿಂತವರಿಗೆ ಅದು ಹೊಸ ಮಾತಲ್ಲ.

ಆದರೆ ಉಳಿದದ್ದರಲ್ಲಿ ಏನೋ ಒಣಗಿದ ಹಾಗಿತ್ತು. ಅವನ ಆಟದ ಕಾಗದದಲ್ಲಿ ‘ದೇವರು’ ಎಂದು ಒಂದು ಖಾನೆ ಇದೆ; ಅದರಲ್ಲಿ ಒಂದು ಹೆಸರು ಬರೆಯಬೇಕು. ಅವನ ಅಜ್ಜಿಯನ್ನು, ಅಂದರೆ ನಮ್ಮವ್ವನನ್ನು, ಆ ಕಾಗದದಲ್ಲಿ ಬರೆಯಲು ಕೂತರೆ ಆ ಖಾನೆಯಲ್ಲೇ ಪೆನ್ನು ನಿಲ್ಲುತ್ತದೆ. ನಮ್ಮೂರು ಗಿಲ್ಲೆಸುಗೂರು ರಾಯಚೂರಿನಿಂದ ಮಂತ್ರಾಲಯಕ್ಕೆ ಹೋಗುವ ದಾರಿಯಲ್ಲಿದೆ. ಹೀಗಾಗಿ ಗುರುವಾರ ಬಂದರೆ ಅವಳಿಗೆ ರಾಘವೇಂದ್ರ ರಾಯರು. ಮನೆದೇವರು ಮಾತ್ರ ತುಂಗಭದ್ರೆಯ ಆಚೆ, ಆಂಧ್ರದಲ್ಲಿರುವ ಉರುಕುಂದಿ ಈರಣ್ಣ. ಶ್ರಾವಣದಲ್ಲಿ ಅಲ್ಲಿಗೆ ಹೋಗಲೇಬೇಕು. ಮಕ್ಕಳಿಗೆ ಮೈಮೇಲೆ ಗುಳ್ಳೆ ಎದ್ದರೆ ಊರ ಹೊರಗಿನ ಮಾರೆಮ್ಮ. ಎಳ್ಳಮಾಸಿಗೆ ಹೊಲದಲ್ಲಿ ಐದು ಕಲ್ಲು ಇಟ್ಟು ಸುಣ್ಣ ಬಳಿದರೆ ಅವರೇ ಪಾಂಡವರು. ಚರಗ ಚೆಲ್ಲಿ ಉಣ್ಣುವತನಕ ಅವರು ದೇವರು, ಮರುದಿನ ಅವು ಕಲ್ಲು. ಮೊಹರಂ ಬಂದರೆ ಅಲಾಯಿ ದೇವರಿಗೆ ಸಕ್ಕರೆ ಓದಿಸಿ ಕೆಂಪು ಲಾಡಿ ಕಟ್ಟಿಸಿಕೊಂಡು ಬರುತ್ತಾಳೆ. ಇವಳನ್ನು ಯಾವ ಧರ್ಮದವಳೆಂದು ಕೇಳಿದರೆ ಜಾತಿ ಹೇಳುತ್ತಾಳೆ. ದೇವರು ಯಾವುದೆಂದು ಕೇಳಿದರೆ, “ಯಾತಕ್ಕ?” ಎಂದು ತಿರುಗಿ ಕೇಳುತ್ತಾಳೆ.

ಆ ‘ಯಾತಕ್ಕ’ ಅನ್ನುವುದೇ ನಮ್ಮ ಕಡೆ ಧರ್ಮದ ತಿರುಳು ಎಂದು ನನಗೆ ಅನಿಸುತ್ತದೆ. ಅದೂ ಖಾತೆ ಹಂಚಿಕೆಯೇ ಅಲ್ಲವೇ ಎಂದು ಹುಡುಗ ಕೇಳಿದ. ಅಲ್ಲ. ಮಳೆಯನ್ನೇ ತಗೊಳ್ಳಿ. ಮಳೆಗೆ ಯಾವ ದೇವರು? ವರುಣ ಎಂದು ಪುಸ್ತಕದಲ್ಲಿರಬಹುದು, ನಮ್ಮೂರಲ್ಲಿ ವರುಣನಿಗೆ ಗುಡಿ ಕಟ್ಟಿದವರನ್ನು ನಾನು ಕಂಡಿಲ್ಲ. ಮಳೆ ಹೋದ ವರ್ಷ ಹುಡುಗರು ತಲೆಯ ಮೇಲೆ ರೊಟ್ಟಿ ಹಂಚು ಹೊತ್ತು, ಅದರ ಮೇಲೆ ಸಗಣಿಯ ಗುರ್ಜಿ ಕೂಡಿಸಿ, ಮನೆಮನೆ ತಿರುಗಿ ನೀರು ಹೊಯ್ಯಿಸಿಕೊಳ್ಳುತ್ತಾರೆ. ಹನುಮಪ್ಪನ ಗುಡಿಯಲ್ಲಿ ಹಗಲು ರಾತ್ರಿ ಭಜನೆ ಕೂಡುತ್ತದೆ. ಕಪ್ಪೆಗೆ ಮದುವೆ ಆಗುತ್ತದೆ, ಕತ್ತೆಗೂ ಆಗುತ್ತದೆ. ಅಲಾಯಿ ದೇವರನ್ನು ಹೊತ್ತವನ ಮೈ ನಡುಗಿದಾಗ ಮೊದಲು ಕೇಳುವ ಪ್ರಶ್ನೆಯೂ ಮಳೆಯದ್ದೇ. ಯಾರ ಖಾತೆ ಎಂದು ನೋಡುತ್ತಾ ಕೂತರೆ ತೊಗರಿ ಒಣಗುತ್ತದೆ.

ಮಳೆಯ ಮಾತಿನಲ್ಲಿ ಎಲ್ಲರಿಗಿಂತ ನನಗೆ ಇಷ್ಟದವನು ಜೋಕುಮಾರ. ಗಣಪತಿ ಬಂದುಹೋದ ಮೇಲೆ, ಭಾದ್ರಪದ ಶುದ್ಧ ಅಷ್ಟಮಿಯ ಹೊತ್ತಿಗೆ ಅವನು ಹುಟ್ಟುತ್ತಾನೆ. ಹಸಿ ಮಣ್ಣಿನ ಮೂರ್ತಿ, ಬಾಯಿಗೆ ಬೆಣ್ಣೆ, ಸುತ್ತ ಬೇವಿನ ಸೊಪ್ಪು. ಅಂಬಿಗರ, ತಳವಾರರ ಹೆಣ್ಣುಮಕ್ಕಳು ಬುಟ್ಟಿಯಲ್ಲಿಟ್ಟುಕೊಂಡು ಓಣಿ ಓಣಿ ತಿರುಗಿ ಹಾಡುತ್ತಾರೆ. ಮನೆಯವರು ಮೊರದಲ್ಲಿ ಜೋಳ ತಂದು ಹಾಕಿ, ಪ್ರಸಾದದ ನುಚ್ಚು ಇಸಿದುಕೊಂಡು ಹೊಲಕ್ಕೆ ಚೆಲ್ಲುತ್ತಾರೆ. ಏಳೇ ದಿನ ಅವನ ಆಯುಷ್ಯ. ಅಷ್ಟರಲ್ಲೇ ಅವನು ಮಾಡಬಾರದ್ದನ್ನೆಲ್ಲ ಮಾಡುತ್ತಾನೆ, ಕಡೆಗೆ ಹೆಂಗಸರ ಗೋಜಿಗೆ ಹೋಗಿ ಹೊಡೆಸಿಕೊಂಡು ಸಾಯುತ್ತಾನೆ. ಚಂದ್ರಶೇಖರ ಕಂಬಾರರು 1972ರಲ್ಲಿ ಅವನ ಹೆಸರಿನಲ್ಲೇ ನಾಟಕ ಬರೆದು ಅವನನ್ನು ಊರಾಚೆ ಪ್ರಸಿದ್ಧ ಮಾಡಿದರು. ಆದರೆ ನಾಟಕದಾಚೆ ಹೆಣ್ಣುಮಕ್ಕಳು ಹೇಳುವ ಕತೆಯ ಕೊನೆ ಕೇಳಿ. ಭೂಮಿಗೆ ಬಂದ ಗಣಪ ಕಡುಬು ಹೋಳಿಗೆ ತಿಂದು ಕೈಲಾಸಕ್ಕೆ ಹೋಗಿ, ಕೆಳಗೆ ಎಲ್ಲ ಸುಖವಾಗಿದ್ದಾರೆ ಎಂದು ತಂದೆಗೆ ವರದಿ ಕೊಡುತ್ತಾನೆ. ಬಡವರ ಓಣಿಯಲ್ಲಿ ತಿರುಗಿ, ಪೆಟ್ಟು ತಿಂದು, ಸತ್ತು ಹೋದ ಜೋಕುಮಾರ ಮಾತ್ರ ಇದ್ದದ್ದನ್ನು ಇದ್ದಂಗೆ ಹೇಳುತ್ತಾನೆ: ಕೆಳಗೆ ನೀರಿಲ್ಲ, ಬೆಳೆ ಒಣಗುತ್ತಿದೆ. ಆಮೇಲೆ ಮಳೆ ಬರುತ್ತದೆ.

ಏಯೋ ತಳ್ಳಿದ ಆ ಗಲಾಟೆಯಲ್ಲಿ ಹಲವು ದೇವರು ಸತ್ತಿದ್ದಕ್ಕೆ ಅಮೆರಿಕದವರು ಕಾದಂಬರಿಗಳನ್ನೇ ಬರೆದರಂತೆ. ಇಲ್ಲಿ ಜೋಕುಮಾರ ವರ್ಷ ವರ್ಷವೂ ಅಗಸರ ಕಲ್ಲಿನ ಹತ್ತಿರ ಸಾಯುತ್ತಾನೆ, ಮುಂದಿನ ವರ್ಷ ಕುಂಬಾರರ ಮನೆಯಲ್ಲಿ ಹುಟ್ಟುತ್ತಾನೆ. ಅವನಿಗೆ ಎಷ್ಟು ಪ್ರಾಣಾಂಕ ಕೊಡುವುದು? ಅವನ ಕೆಲಸ ಗೆಲ್ಲುವುದಲ್ಲ, ವರದಿ ಮುಟ್ಟಿಸುವುದು. ಅದಕ್ಕೆ ಅವನು ಸಾಯಲೇಬೇಕು. ಅಂಥ ದೇವರನ್ನು ದಾಳದಿಂದ ಸೋಲಿಸುವುದಾದರೂ ಹೇಗೆ?

ಅಲಾಯಿ ದೇವರದ್ದು ಹತ್ತು ದಿನದ ಲೆಕ್ಕ. ಚಂದ್ರ ಕಂಡ ಮೇಲೆ ಗುದ್ದಲಿ ಹಾಕಿ ಅಲಾಯಿ ಕುಣಿ ತೆಗೆಯುತ್ತಾರೆ, ಪೆಟ್ಟಿಗೆಯಲ್ಲಿದ್ದ ಪಂಜಾಗಳು ಹೊರಗೆ ಬಂದು ಬಟ್ಟೆ ಉಟ್ಟು ಕೂಡುತ್ತವೆ, ಕತ್ತಲರಾತ್ರಿ ಕುಣಿಯಲ್ಲಿ ಕೆಂಡವಾಗುತ್ತದೆ, ಹತ್ತನೆಯ ದಿನ ದೇವರು ಹೊಳೆಗೆ ಹೋಗುತ್ತವೆ. ನಮ್ಮ ಜಿಲ್ಲೆಯ ಮುದಗಲ್ಲಿನ ಮೊಹರಂ ನೋಡಲು ದೂರದಿಂದ ಮಂದಿ ಬರುತ್ತಾರೆ. ಅದರ ಹಿಂದಿರುವುದು ಕರ್ಬಲಾದ ದುಃಖ. ಇಲ್ಲಿ ಅದಕ್ಕೆ ಹೆಜ್ಜೆ ಮೇಳವೂ ಉಂಟು, ರಿವಾಯತ್ ಪದವೂ ಉಂಟು, ಹುಲಿವೇಷವೂ ಉಂಟು. ಹರಕೆ ಹೊತ್ತ ಹಿಂದೂ ಹುಡುಗರು ಹತ್ತು ದಿನ ಫಕೀರರಾಗಿ ತಿರುಗುತ್ತಾರೆ. ಮುಸಲ್ಮಾನರ ಮನೆಯೇ ಇಲ್ಲದ ಊರುಗಳಲ್ಲೂ ದೇವರು ಕೂಡುವುದುಂಟು. ‘ಮತಾಂತರ’ ಎಂದು ಆಟದ ಪುಸ್ತಕದಲ್ಲಿ ಒಂದು ನಿಯಮವಿದೆ ಎಂದು ಹುಡುಗ ಹೇಳಿದ: ದೇವರು ಬದಲಿಸಿದ ಪೂಜಾರಿ ಹಳೆಯ ಮಂತ್ರ ಕಳೆದುಕೊಳ್ಳುತ್ತಾನಂತೆ. ಹತ್ತು ದಿನ ಫಕೀರನಾಗಿ ಹನ್ನೊಂದನೆಯ ದಿನ ಈರಣ್ಣನ ಮುಂದೆ ಕಾಯಿ ಒಡೆಯುವವನಿಗೆ ಆ ಪುಸ್ತಕದಲ್ಲಿ ಜಾಗವಿಲ್ಲ.

ಮನುಷ್ಯರೂ ದೇವರೂ ಬೆರೆಯುವ ಈ ವಿದ್ಯಮಾನ ನಮ್ಮ ಜಿಲ್ಲೆಯಲ್ಲಿ ಬಂಡೆಗಲ್ಲಿನ ಮೇಲೆಯೇ ದಾಖಲಾಗಿದೆ. 1915ರಲ್ಲಿ ಬಂಗಾರ ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರನಿಗೆ ಮಸ್ಕಿಯ ಗುಡ್ಡದಲ್ಲಿ ಶಾಸನವೊಂದು ಸಿಕ್ಕಿತು. ‘ದೇವಾನಾಂಪ್ರಿಯ’ನೇ ಅಶೋಕ ಎಂದು ಹೆಸರು ಹಿಡಿದು ಹೇಳಿದ ಶಾಸನ ಎಂದು ಎಲ್ಲರೂ ಶಾಲೆಯಲ್ಲಿ ಓದಿದ್ದೇವೆ. ಒಳಗೆ ಏನಿದೆ ಎಂದು ಓದಿದವರು ಕಡಿಮೆ. ಜಂಬೂದ್ವೀಪದಲ್ಲಿ ಹಿಂದೆ ಜನರೊಡನೆ ಬೆರೆಯದಿದ್ದ ದೇವರುಗಳು ಈಗ ಬೆರೆತಿದ್ದಾರೆ, ಇದು ದೊಡ್ಡವರಿಗಷ್ಟೇ ಸಿಗುವುದಲ್ಲ, ಸಣ್ಣವನೂ ಧರ್ಮದಿಂದ ನಡೆದರೆ ಸಿಗುತ್ತದೆ ಅನ್ನುವ ಅರ್ಥದ ಮಾತು ಅಲ್ಲಿದೆ. ವಿದ್ವಾಂಸರು ಇದರ ಬಗ್ಗೆ ಬೇಕಾದಷ್ಟು ತರ್ಕ ಮಾಡಿದ್ದಾರೆ. ನನ್ನ ಓದಿನಲ್ಲಿ ಇದು, ಆಟದ ಭಾಷೆಯಲ್ಲೇ ಹೇಳುವುದಾದರೆ, ಲೋಕದ ನಿಯಮ ಬದಲಾಯಿತು ಎಂದು ನಡೆಸುವವನು ಹೊರಡಿಸಿದ ಪ್ರಕಟಣೆ. ಎರಡು ಸಾವಿರ ವರ್ಷಕ್ಕಿಂತ ಹಳೆಯದು, ಇನ್ನೂ ಯಾರೂ ವಾಪಸು ತಗೊಂಡಿಲ್ಲ.

ಬೆರೆಯುವ ದೇವರಿಗೆ ಮೈಯ ಕಷ್ಟಗಳೂ ಬರುತ್ತವೆ. ನಮ್ಮ ಕಡೆಯ ಗಾಣಧಾಳದಲ್ಲಿ ಪಂಚಮುಖಿ ಆಂಜನೇಯನ ಗುಡಿಯಿದೆ. ಬಂಡೆಗಳ ನಡುವಿನ ಗವಿಯಂಥ ಜಾಗ. ರಾಘವೇಂದ್ರ ಸ್ವಾಮಿಗಳು ಹನ್ನೆರಡು ವರ್ಷ ಇಲ್ಲಿ ತಪಸ್ಸು ಮಾಡಿದರೆಂದು ನಂಬಿಕೆ. ಹನುಮ, ನರಸಿಂಹ, ಗರುಡ, ವರಾಹ, ಹಯಗ್ರೀವ ಎಂದು ಐದು ಮುಖ. ಹೋದವರೆಲ್ಲ ನೋಡುವುದು ಅಲ್ಲಿ ಇಟ್ಟಿರುವ ದೊಡ್ಡ ಚಪ್ಪಲಿ ಜೋಡನ್ನು. ರಾತ್ರಿ ಹನುಮಪ್ಪ ಅವನ್ನು ಮೆಟ್ಟಿಕೊಂಡು ತಿರುಗುತ್ತಾನೆ. ತಿರುಗಿ ತಿರುಗಿ ಅಟ್ಟೆ ಸವೆಯುತ್ತದೆ. ಸವೆದಾಗ ಚಪ್ಪಲಿ ಹೊಲಿಯುವವನ ಕನಸಿಗೆ ಬಂದು ಹೊಸದು ಬೇಕೆಂದು ಹೇಳುತ್ತಾನೆ ಎಂದು ಜನ ಹೇಳುತ್ತಾರೆ. ಸಮುದ್ರ ಹಾರಿದವನಿಗೆ ಕಾಲಿಗೆ ಮುಳ್ಳು ಚುಚ್ಚುತ್ತದೆಯೇ ಎಂದು ಕೇಳಿದರೆ ನಮ್ಮವ್ವ, “ನಮ್ ಹೊಲದಾಗ ಒಂದ್ ಸುತ್ತ್ ಬಂದ್ ನೋಡು, ಜಾಲಿಮುಳ್ಳು ಹನುಮಪ್ಪಂತ ಬಿಡ್ತೈತೇನು?” ಅಂದಳು. ಹುಡುಗ ಇದನ್ನು ತಕ್ಷಣ ಬರೆದುಕೊಂಡ. ಸರ್ವಶಕ್ತನಾದ ದೇವರನ್ನು ಇಟ್ಟುಕೊಂಡು ಯಾವ ಕತೆಯನ್ನೂ ನಡೆಸಲಾಗುವುದಿಲ್ಲ, ಚಪ್ಪಲಿ ಸವೆಯುವ ದೇವರಿದ್ದರೆ ನೂರು ಕತೆ ಹುಟ್ಟುತ್ತವೆ ಅನ್ನುವುದು ಅವನ ಕಸುಬಿನ ಮಾತು, ನಾನು ಒಪ್ಪಿದೆ. ದೇವರ ಅಳತೆ ಗೊತ್ತಿರುವುದು ಚರ್ಮ ಕುಯ್ಯುವ ಆ ಮನುಷ್ಯನಿಗೆ ಅನ್ನುವುದನ್ನು ನಾನು ಸೇರಿಸಿದೆ. ಅಂಥವರನ್ನು ಎಷ್ಟು ಗುಡಿಗಳು ಎಷ್ಟು ಕಾಲ ಹೊಸ್ತಿಲ ಆಚೆಗೇ ನಿಲ್ಲಿಸಿದ್ದವು ಎಂಬುದನ್ನೂ ಬರೆದುಕೋ ಅಂದೆ.

ಇನ್ನು ಮಟ್ಟಗಳ ವಿಷಯ. ಆಟದಲ್ಲಿ ಎಲ್ಲರೂ ಒಂದನೆಯ ಮಟ್ಟದಿಂದ ಶುರು ಮಾಡಿ ಹತ್ತು, ಇಪ್ಪತ್ತು ಎಂದು ಏರುತ್ತಾರೆ. ಇಂಥ ಲೆಕ್ಕದಲ್ಲಿ ಮಾನವಿಯ ಜಗನ್ನಾಥದಾಸರ ಮುಂದೆ ಗೈಗ್ಯಾಕ್ಸ್ ಇನ್ನೂ ಅಂಗೈ ಮೇಲೆ ಎಣಿಸುವ ಹುಡುಗ. 1728ರಲ್ಲಿ ಮಾನವಿ ತಾಲೂಕಿನ ಬ್ಯಾಗವಾಟದಲ್ಲಿ ಹುಟ್ಟಿ 1809ರಲ್ಲಿ ಮಾನವಿಯಲ್ಲಿ ತೀರಿಕೊಂಡ ದಾಸರು ಬರೆದ ‘ಹರಿಕಥಾಮೃತಸಾರ’ದಲ್ಲಿ ತಾರತಮ್ಯಕ್ಕೇ ಹಲವು ಸಂಧಿಗಳಿವೆ: ಮೇಲಕ್ಕೆ ಹತ್ತುತ್ತಾ ಒಂದು, ಕೆಳಕ್ಕೆ ಇಳಿಯುತ್ತಾ ಒಂದು, ಕಕ್ಷೆಗಳ ಪ್ರಕಾರ ಒಂದು. ಮಾಧ್ವ ಮತದ ಪ್ರಕಾರ ಹರಿ ಎಲ್ಲಕ್ಕೂ ಮೇಲೆ, ಅವನ ಕೆಳಗೆ ಲಕ್ಷ್ಮಿ, ಆಮೇಲೆ ಒಂದೇ ಕಕ್ಷೆಯಲ್ಲಿ ಬ್ರಹ್ಮ ಮತ್ತು ವಾಯು, ಅವರ ಕೆಳಗೆ ಸರಸ್ವತಿ ಮತ್ತು ಭಾರತಿ, ಆಮೇಲೆ ಗರುಡ, ಶೇಷ, ರುದ್ರ, ಹೀಗೆ ಇಳಿಯುತ್ತಾ ಇಳಿಯುತ್ತಾ ಮನುಷ್ಯರವರೆಗೆ. ಎಲ್ಲಕ್ಕಿಂತ ಚೆಂದದ ಮಾತೆಂದರೆ ಬ್ರಹ್ಮ ಅನ್ನುವುದು ಒಂದು ಹುದ್ದೆ. ಈ ಕಲ್ಪದ ವಾಯು ಮುಂದಿನ ಕಲ್ಪಕ್ಕೆ ಬ್ರಹ್ಮನಾಗಿ ಬಡ್ತಿ ಪಡೆಯುತ್ತಾನೆ. ಹನುಮಂತ ವಾಯುವಿನ ಅವತಾರ. ಅಂದರೆ ಗಾಣಧಾಳದಲ್ಲಿ ಚಪ್ಪಲಿ ಸವೆಸುತ್ತಾ ಓಡಾಡುತ್ತಿರುವವನು ಮುಂದಿನ ಸೃಷ್ಟಿಕರ್ತ.

ಸ್ವಭಾವದ ಮೂರು ಖಾನೆಗಳೂ ಇಲ್ಲಿವೆ. ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂದು ಜೀವರಲ್ಲಿ ಮೂರು ಬಗೆ. ಒಳ್ಳೆಯವ, ನಡುವಿನವ, ಕೆಟ್ಟವ ಎಂಬ ಆಟದ ಹಂಚಿಕೆ ಥೇಟ್ ಇದೇ ಎಂದು ಹುಡುಗ ಕುಣಿದಾಡಿದ. ಆದರೆ ಅವನ ಆಟದಲ್ಲಿ ಒಳ್ಳೆಯವನು ಕೆಟ್ಟ ಕೆಲಸ ಮಾಡುತ್ತಾ ಹೋದರೆ ಖಾನೆ ಬದಲಾಗುತ್ತದೆ. ಇಲ್ಲಿ ಬದಲಾಗುವುದಿಲ್ಲ. ಯೋಗ್ಯತೆ ಅನಾದಿ, ಸಾಧನೆಯಿಂದ ಇದ್ದ ಯೋಗ್ಯತೆ ಹೊರಗೆ ಬರುತ್ತದೆಯೇ ಹೊರತು ಇಲ್ಲದ್ದು ಹುಟ್ಟುವುದಿಲ್ಲ. ನನಗೆ ಈ ಸಿದ್ಧಾಂತ ಯಾವತ್ತೂ ಒಪ್ಪಿಗೆಯಾಗಿಲ್ಲ. ಹುಟ್ಟಿನಲ್ಲೇ ಖಾನೆ ತುಂಬಿಬಿಡುವ ಲೆಕ್ಕ ನಮ್ಮ ಓಣಿಗಳಲ್ಲಿ ಬೇರೆ ರೂಪದಲ್ಲಿ ಸಾಕಷ್ಟು ನೋಡಿದ್ದೇನೆ. ಆದರೂ ಆಟಕ್ಕೆ ಒಂದು ಲೋಕ ಕಟ್ಟುವವನು ಇಷ್ಟು ಕಟ್ಟುನಿಟ್ಟಾದ, ಎಲ್ಲೂ ಸಡಿಲ ಬಿಡದ ಲೆಕ್ಕವನ್ನು ಒಮ್ಮೆಯಾದರೂ ಓದಬೇಕು.

ಲೆಕ್ಕ ಬಿಗಿಯಾದಲ್ಲೇ ಕತೆ ಮೆತ್ತಗಾಗುವುದು. ಜಗನ್ನಾಥದಾಸರು ದಾಸರಾಗುವ ಮೊದಲು ಶ್ರೀನಿವಾಸಾಚಾರ್ಯ ಎಂಬ ಪಂಡಿತರು. ಚೀಕಲಪರವಿಯ ವಿಜಯದಾಸರು ಊಟಕ್ಕೆ ಕರೆದರೆ, ಕನ್ನಡ ಹಾಡು ಹೇಳುವವರ ಪಂಕ್ತಿಗೆ ಏಕೆ ಹೋಗಬೇಕೆಂಬ ಬಿಗುಮಾನದಿಂದ ಹೊಟ್ಟೆನೋವಿನ ನೆಪ ಹೇಳಿದರು. ನೆಪ ನಿಜವಾಯಿತು. ಯಾವ ಮದ್ದಿಗೂ ಬಗ್ಗದ ನೋವು. ಕಡೆಗೆ ವಿಜಯದಾಸರು ಅವರನ್ನು ತಮ್ಮ ಶಿಷ್ಯರಾದ ಗೋಪಾಲದಾಸರ ಹತ್ತಿರ ಕಳಿಸಿದರು. ಗೋಪಾಲದಾಸರು ಧನ್ವಂತರಿಯನ್ನು ನೆನೆದು ಜೋಳದ ರೊಟ್ಟಿ ಕೊಟ್ಟರು, ಜೊತೆಗೆ ತಮ್ಮ ಆಯುಷ್ಯದಲ್ಲಿ 40 ವರ್ಷ ತೆಗೆದು ಕೊಟ್ಟರು ಎಂಬುದು ದಾಸಪರಂಪರೆಯ ಕತೆ. ಪ್ರಾಣಾಂಕ ಒಬ್ಬರಿಂದ ಒಬ್ಬರಿಗೆ ವರ್ಗ ಆಗುವ ನಿಯಮ ಅವನ ಆಟದಲ್ಲೂ ಇದೆಯಂತೆ. ಆದರೆ ಅಲ್ಲಿ ರಾತ್ರಿ ಮಲಗಿ ಎದ್ದರೆ ಕೊಟ್ಟವನಿಗೆ ಕಳೆದದ್ದು ವಾಪಸು ಬರುತ್ತದೆ. ಗೋಪಾಲದಾಸರಿಗೆ ಬರಲಿಲ್ಲ. ವಾಪಸು ಬರದ್ದನ್ನು ಕೊಟ್ಟಾಗ ಮಾತ್ರ ಅದು ದಾನ ಎಂದು ಒಂದು ನಿಯಮ ಹಾಕಿಕೋ ಅಂದೆ.

ಮಂತ್ರಾಲಯದ ರಾಯರಿಗೂ ಅವಧಿ ಇದೆ. 1671ರಲ್ಲಿ ಸಜೀವವಾಗಿ ವೃಂದಾವನ ಪ್ರವೇಶ ಮಾಡಿದವರು 700 ವರ್ಷ ಅಲ್ಲಿರುತ್ತಾರೆ ಎಂದು ಭಕ್ತರ ನಂಬಿಕೆ. ಆ ದಿನ ಹೊಳೆಯ ಈಚೆ ನಮ್ಮ ತಾಲೂಕಿನ ಬಿಚ್ಚಾಲಿಯಲ್ಲಿದ್ದ ರಾಯರ ಶಿಷ್ಯ ಅಪ್ಪಣಾಚಾರ್ಯರು ಸುದ್ದಿ ತಿಳಿದು, ತುಂಬಿದ ತುಂಗಭದ್ರೆಯನ್ನು ಸ್ತೋತ್ರ ಹೇಳುತ್ತಾ ದಾಟಿ ಬರುವಷ್ಟರಲ್ಲಿ ಕೊನೆಯ ಕಲ್ಲು ಕೂತಿತ್ತು. ಅವರ ಗಂಟಲು ಕಟ್ಟಿತು, ಸ್ತೋತ್ರ ಅರ್ಧಕ್ಕೆ ನಿಂತಿತು. ಉಳಿದ ಏಳು ಅಕ್ಷರ ವೃಂದಾವನದ ಒಳಗಿನಿಂದ ಬಂದವಂತೆ. ರಾಯರ ಮಠಕ್ಕೆ ಮಂತ್ರಾಲಯದ ನೆಲ ಕೊಟ್ಟವನು ಆದೋನಿಯ ಸಿದ್ದಿ ಮಸೂದ್ ಖಾನ್. ಮುಂದೆ ಕಂದಾಯದ ತಕರಾರು ಬಂದಾಗ ಕಲೆಕ್ಟರ್ ಥಾಮಸ್ ಮನ್ರೋ ಬಂದು ರಾಯರ ಜೊತೆ ಮಾತಾಡಿದ, ಉಳಿದವರಿಗೆ ಕೇಳಿಸಲಿಲ್ಲ ಎಂದು ಹೇಳುತ್ತಾರೆ. ಅನ್ಯಮತದ ಇಬ್ಬರು ಅಧಿಕಾರಸ್ಥರು ಕತೆಯ ಆಯಕಟ್ಟಿನ ಜಾಗದಲ್ಲೇ ನಿಂತಿದ್ದಾರೆ. ಭಕ್ತರ ಸಂಖ್ಯೆಯಿಂದ ಬಲ ಎಣಿಸುವ ಏಯೋ ಇವರಿಬ್ಬರನ್ನು ಯಾವ ಲೆಕ್ಕಕ್ಕೆ ಹಾಕಿಕೊಳ್ಳುತ್ತಾನೋ ಕಾಣೆ.

ಆಟದವರಲ್ಲಿ ಎಲ್ಲರೂ ಹೀಗೆ ಖಾತೆ ಕಿರ್ದಿಯವರಲ್ಲ. ‘ರೂನ್‌ಕ್ವೆಸ್ಟ್’ ಎಂಬ ಆಟ 1978ರಲ್ಲಿ ಬಂತು. ಅದರ ಗ್ಲೊರಾಂಥಾ ಎಂಬ ಲೋಕವನ್ನು ಕಟ್ಟಿದವನು ಗ್ರೆಗ್ ಸ್ಟಾಫರ್ಡ್. ಅಲ್ಲಿ ಹಬ್ಬದ ದಿನ ಭಕ್ತರು ದೇವರ ಕತೆಯನ್ನು ಆಡಿ ತೋರಿಸುತ್ತಾ ಆ ಕತೆಯೊಳಗೇ ಹೊಕ್ಕುಬಿಡುತ್ತಾರೆ. ಒಳಗೆ ತಪ್ಪಿದರೆ ಹೊರಗಿನ ಊರಿಗೂ ಪೆಟ್ಟು. ವೀರಭದ್ರನ ಜಾತ್ರೆಯಲ್ಲಿ ಒಡಪು ಹೇಳುತ್ತಾ ಕತ್ತಿ ಝಳಪಿಸುವ ಪುರವಂತರನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಅವರು ದಕ್ಷಯಜ್ಞದ ಕತೆ ಹೇಳುತ್ತಿಲ್ಲ, ದಕ್ಷ ಎದುರಿಗಿದ್ದಾನೆ. ಸ್ಟಾಫರ್ಡ್ ನಮ್ಮ ಕಡೆ ಬಂದಿದ್ದರೆ ಜಾತ್ರೆ ಮುಗಿಯುವತನಕ ಊರು ಬಿಡುತ್ತಿರಲಿಲ್ಲ ಅನಿಸುತ್ತದೆ.

ಆದರೂ ಈ ಯಾವ ಆಟದಲ್ಲೂ ನನಗೆ ಸಿಗದಿದ್ದದ್ದು ಹರಕೆ. ಅವರಲ್ಲಿ ಪ್ರಾರ್ಥನೆ ಇದೆ, ಫಲ ಇದೆ, ಬಾಕಿ ಇಲ್ಲ. ನಮ್ಮಲ್ಲಿ ದೇವರು ಮತ್ತು ಮನುಷ್ಯರ ನಡುವೆ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ ಹಾಗೆ ಒಂದು ಲೆಕ್ಕ ಸದಾ ತೆರೆದೇ ಇರುತ್ತದೆ. ಮಗ ಪಾಸಾದರೆ ದೀಡು ನಮಸ್ಕಾರ, ಎತ್ತು ಬದುಕಿದರೆ ಬೆಳ್ಳಿಯ ಎತ್ತು, ಮಗು ಹುಟ್ಟಿದರೆ ತೂಕದಷ್ಟು ಬೆಲ್ಲ, ಬೋರಿಗೆ ನೀರು ಬಿದ್ದರೆ ಐದು ಮಂದಿಗೆ ಊಟ. ಕೊಡುವುದು ತಡವಾದರೆ ದೇವರು ನೆನಪು ಮಾಡುತ್ತದೆ: ಎಮ್ಮೆ ಹಾಲು ಕೊಡುವುದಿಲ್ಲ, ಮೊಣಕಾಲು ಹಿಡಿಯುತ್ತದೆ, ಕನಸಿನಲ್ಲಿ ಹಾವು ಬರುತ್ತದೆ. ಹೊತ್ತವರು ಸತ್ತರೆ ಬಾಕಿ ಮಕ್ಕಳ ಹೆಸರಿಗೆ ಬರುತ್ತದೆ. ದೇವರು ಕೊಡದಿದ್ದರೆ ಬೈಗುಳವೂ ಉಂಟು. ನಮ್ಮವ್ವ ಈರಣ್ಣನನ್ನು ಬೈದಷ್ಟು ನಮ್ಮಪ್ಪನನ್ನೂ ಬೈದಿಲ್ಲ.

ಇದನ್ನು ಕೇಳಿ ಹುಡುಗ ನಕ್ಕ, ನಾನು ನಗಲಿಲ್ಲ. ಹರಕೆಯ ಬಾಕಿಯನ್ನು ಯಾವಾಗಲೂ ಹೊತ್ತವರೇ ತೀರಿಸಿಲ್ಲ. ನಮ್ಮ ಜಿಲ್ಲೆಯಲ್ಲೂ ಮನೆಯ ಕಾಯಿಲೆಗೋ ಬಡತನಕ್ಕೋ ಹರಕೆ ಹೊತ್ತು, ಹೆಣ್ಣುಕೂಸಿನ ಕೊರಳಿಗೆ ಮುತ್ತು ಕಟ್ಟಿ ದೇವರಿಗೆ ಬಿಟ್ಟರು. ಅದೂ ಹೆಚ್ಚಾಗಿ ದಲಿತರ ಓಣಿಯ ಕೂಸುಗಳು. ದೇವರಿಗೆ ಬಿಟ್ಟ ಮಕ್ಕಳನ್ನು ಊರ ಗೌಡರು ಇಟ್ಟುಕೊಂಡರು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕ 1982ರಲ್ಲಿ ತಂದಿತು. ಆ ಹೆಣ್ಣುಮಕ್ಕಳು ಇನ್ನೂ ನಮ್ಮ ನಡುವೆ ಮುದುಕಿಯರಾಗಿ ಪಿಂಚಣಿಗಾಗಿ ಸಾಲಿನಲ್ಲಿ ನಿಲ್ಲುತ್ತಾರೆ. ಆಟದ ಲೋಕದಲ್ಲಿ ದೇವರನ್ನು ತಂದರೆ ಅದರ ಖರ್ಚು ಯಾರ ಮೈಮೇಲೆ ಬೀಳುತ್ತದೆ ಎಂಬ ಖಾನೆಯೂ ಇರಲಿ ಎಂದು ಹೇಳಿದೆ. ಇದೇ ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋಗಿ ನೆಲಕ್ಕೆ ಚೆಲ್ಲಿದ ಅಕ್ಕಿ ಆಯ್ದು ಬದುಕಿದ ಶರಣ ಮಾರಯ್ಯ, ಅಂದಿನ ಕಾಯಕಕ್ಕೆ ಮಿಕ್ಕ ಅಕ್ಕಿಯನ್ನು ತಿರುಗಿ ಚೆಲ್ಲಿ ಬಾ ಎಂದ ಅವನ ಹೆಂಡತಿ ಲಕ್ಕಮ್ಮ, ಈ ಉದ್ರಿ ಪುಸ್ತಕವನ್ನೇ ಮುಚ್ಚಿದವರು. ಅವರನ್ನು ಪೂಜಾರಿ ಪಾತ್ರಕ್ಕೆ ಹಾಕಿದರೆ ಏನು ಮಂತ್ರ ಕೊಡುತ್ತೀ ಎಂದು ಕೇಳಿದ್ದಕ್ಕೆ ಅವನ ಹತ್ತಿರ ಉತ್ತರವಿರಲಿಲ್ಲ.

ಆಮೇಲೆ ಅವನು ಬೆಂಗಳೂರಿಂದ ಫೋನು ಮಾಡಿ ಹೇಳಿದ್ದಿಷ್ಟು. ದೇವರ ಪಟ್ಟಿಯನ್ನು ಹರಿದುಹಾಕಿದನಂತೆ. ‘ದೇವರು’ ಎಂಬ ಖಾನೆ ತೆಗೆದು ‘ಬಾಕಿ’ ಎಂದು ಬರೆದನಂತೆ. ಪ್ರತಿ ಪಾತ್ರಕ್ಕೂ ಹುಟ್ಟುವಾಗಲೇ ಅವ್ವ ಹೊತ್ತ ಒಂದು ಹರಕೆ. ಯಾವ ದೇವರಿಗೆ, ಯಾತಕ್ಕೆ ಎಂದು ಆಡುವವರೇ ಹೇಳಬೇಕು. ಮೊದಲ ರಾತ್ರಿಯೇ ಕತ್ತಿ ಹಿಡಿದ ವೀರನೊಬ್ಬ ರಾಕ್ಷಸನನ್ನು ಕೊಲ್ಲುವುದು ಬಿಟ್ಟು, ಹೊಳೆ ಆಚೆಯ ಶತ್ರುರಾಜ್ಯದ ಗುಡಿಗೆ ಕೂದಲು ಕೊಡಲು ಕದ್ದು ಹೊರಟ. ಇನ್ನೊಬ್ಬಳು ಹರಕೆ ತೀರಿಸದೆ ಸತ್ತಳು. ಅವಳ ಬಾಕಿಯನ್ನು ಯಾರು ಹೊರಬೇಕೆಂದು ಉಳಿದವರು ಬೆಳಗಿನ ಜಾವದತನಕ ಪಂಚಾಯತಿ ಮಾಡಿದರು. ದಾಳ ಉರುಳಿಸುವುದನ್ನೇ ಮರೆತಿದ್ದರು. “ಕಾಕಾ, ಇಷ್ಟ್ ಚಲೋ ಆಟ ಯಾವತ್ತೂ ಆಗಿರ್ಲಿಲ್ಲ” ಅಂದ. ಇಂದ್ರನ ಅಂಕ ಎಷ್ಟಿಟ್ಟೆ ಎಂದು ಕೇಳಿದೆ. ಇಂದ್ರನನ್ನು ಯಾರೂ ಕೇಳಲಿಲ್ಲವಂತೆ.

ನಿಮ್ಮ ಮನೆಯಲ್ಲೂ ಇಂಥ ಲೋಕಗಳನ್ನು ಕಟ್ಟುವ ಹುಡುಗರು, ಹುಡುಗಿಯರು ಇದ್ದಾರು. ಭಾದ್ರಪದದ ಅಷ್ಟಮಿ ಕಳೆದ ಮೇಲೆ ಅವರನ್ನು ಏಳು ದಿನದಲ್ಲಿ ಒಂದು ದಿನವಾದರೂ ಊರಿಗೆ ಕರೆಸಿಕೊಳ್ಳಿ. ಜೋಕುಮಾರನ ಬುಟ್ಟಿ ಹೊತ್ತು ಬರುವ ಹೆಣ್ಣುಮಕ್ಕಳನ್ನು ಬಾಗಿಲಲ್ಲೇ ಅವಸರದಿಂದ ಕಳಿಸಬೇಡಿ. ಕೂಡಿಸಿ, ಚಹಾ ಕೊಡಿ, ಹಾಡು ಪೂರ್ತಿ ಹೇಳಿಸಿ, ಮಕ್ಕಳ ಫೋನಿನಲ್ಲಿ ಧ್ವನಿ ತುಂಬಿಸಿಕೊಳ್ಳಿ. ಮೊರದ ತುಂಬ ಜೋಳ ಕೊಡುವುದನ್ನು ಮಾತ್ರ ಮರೆಯಬೇಡಿ.